ಕುಸ್ಕೊದಲ್ಲಿ ತಗೊಂಡ ಹೊದಿಕೆ ಕೈನೇಯ್ಗೆಯದಾ? ಆ ಚಿತ್ತಾರಗಳಿಗೆ ಅರ್ಥ ಇದೆಯಾ?

ಪಯಣಿಗ ಶ್ರೀ
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಾನೂ ನಮ್ಮನೆಯವಳೂ ಪೆರು ಸುತ್ತಿಕೊಂಡು ಬಂದ್ವಿ. ಕುಸ್ಕೊದ ಒಂದು ಅಂಗಡಿಯಲ್ಲಿ ಕೆಂಪು ಕಪ್ಪು ಪಟ್ಟೆಯ ಚೌಕನೆಯ ಹೊದಿಕೆ ತಗೊಂಡೆ. ಅಲ್ಲಿಯ ಕ್ವೆಚುವಾ ಮಾತಾಡೋ ಹೆಂಗಸರು ಮಗೂನೂ ಅದರಲ್ಲೇ ಬೆನ್ನಿಗೆ ಕಟ್ಕೋತಾರೆ, ಆಲೂಗಡ್ಡೆನೂ ಅದರಲ್ಲೇ ಹೊರ್ತಾರೆ, ಹೆಸರು ‘ಲ್ಯಿಕ್ಲ್ಯಾ’. 120 ಸೋಲ್ ಕೊಟ್ಟೆ, ನಮ್ಮ ಲೆಕ್ಕದಲ್ಲಿ ಮೂರು ಸಾವಿರದ ಹತ್ತಿರ. ಅಂಗಡಿಯವನು ‘ನಮ್ಮಜ್ಜಿ ಕೈಯಾರೆ ನೇಯ್ದದ್ದು, ಬೇಬಿ ಅಲ್ಪಾಕಾ, ಗಿಡದ ಬಣ್ಣ’ ಅಂದ. (ಅಲ್ಪಾಕಾ ಅಂದ್ರೆ ಉಣ್ಣೆಗೆ ಸಾಕೋ ಅಲ್ಲಿಯ ಪ್ರಾಣಿ.) ಆಮೇಲೆ ಒಂದೊಂದೇ ಚಿತ್ರ ತೋರಿಸಿ, ‘ಇದು ಕಾಂಡೋರ್ ಹದ್ದು, ಮೇಲಿನ ಲೋಕ, ಇದು ಪ್ಯೂಮಾ, ನಮ್ಮ ಲೋಕ, ಇದು ಹಾವು, ಪಾತಾಳ’ ಅಂತ ಕಥೆ ಶುರು ಮಾಡಿದ. ಕೇಳ್ತಾ ಕೇಳ್ತಾ ಕರಗಿಹೋದೆ, ಚೌಕಾಸಿನೂ ಮಾಡಲಿಲ್ಲ.

ಊರಿಗೆ ಬಂದು ಸೋಫಾ ಮೇಲೆ ಹಾಸಿದ್ದೇ ತಡ, ನಮ್ಮ ಭಾವ ‘ಚಿಕ್ಕಪೇಟೆಯಲ್ಲಿ ನಾನೂರಕ್ಕೆ ಕೊಡ್ತಾರಲ್ಲೋ ಇದನ್ನ’ ಅಂದುಬಿಟ್ರು. ಅವತ್ತಿಂದ ಮನೇಲಿ ಅದೇ ಮಾತು. ಇದು ಕೈಯಲ್ಲಿ ನೇಯ್ದದ್ದಾ ಅಲ್ವಾ ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ? ಆ ಚಿತ್ತಾರಗಳಿಗೆ ನಿಜವಾಗ್ಲೂ ಅರ್ಥ ಇದೆಯಾ, ಇಲ್ಲಾ ಅದೂ ಕಿವಿಗೆ ಹೂವಾ?

ಖಾರಾಮಂಡಕ್ಕಿ
ಭಾವ ಹೇಳಿದ್ದೇ ಸರಿ. ಚರ್ಚೆ ಮುಗೀತು.

ಲಿಮಾದಲ್ಲಿದ್ದೆ
ಮುಗಿದಿಲ್ಲ ತಡೀರಿ. ಮೂರು ವರ್ಷ ಅಲ್ಲಿದ್ದು ನಾನೂ ಎರಡು ಸಲ ಟೋಪಿ ಹಾಕಿಸ್ಕೊಂಡವನು, ಅದಕ್ಕೇ ಹೇಳ್ತೀನಿ.

ಮೊದಲು ಬಟ್ಟೆಯ ನಾಲ್ಕೂ ಅಂಚು ನೋಡಿ. ಎಲ್ಲಾದರೂ ಕತ್ತರಿಸಿ ಮಡಿಚಿ ಹೊಲಿಗೆ ಹಾಕಿದ್ದಾರಾ? ಹಾಕಿದ್ರೆ ಅದು ಮಿಲ್ಲಿನ ಥಾನು. ಆಂಡಿಸ್‌ನ ನೇಕಾರ್ತಿಯರು ಬಟ್ಟೆಯನ್ನ ಕತ್ತರಿಸೋದೇ ಇಲ್ಲ. ಒಂದು ಹೊದಿಕೆಗೆ ಎಷ್ಟು ಉದ್ದ ಬೇಕೋ ಅಷ್ಟಕ್ಕೇ ಹಾಸು (ಉದ್ದದ ಎಳೆ) ಹಾಕ್ಕೋತಾರೆ, ಎರಡು ಕೋಲಿನ ನಡುವೆ ನೂಲು ಸುತ್ತಿ. ಒಂದು ಕೋಲು ಗೂಟಕ್ಕೋ ಮರಕ್ಕೋ, ಇನ್ನೊಂದು ಸೊಂಟದ ಪಟ್ಟಿಗೆ; ಹೆಂಗಸು ನೆಲದ ಮೇಲೆ ಕೂತು ಹಿಂದಕ್ಕೆ ವಾಲಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಕೆಲವು ಊರಲ್ಲಿ ನೆಲಕ್ಕೆ ನಾಲ್ಕು ಗೂಟ ಹೊಡೆದು ಅದರ ಮೇಲೆ ನೇಯ್ತಾರೆ. ಹೇಗಾದರೂ ನಾಲ್ಕು ಕಡೆಯೂ ಅಂಚು ಮಗ್ಗದಲ್ಲೇ ಮುಗಿದಿರತ್ತೆ. ಕೊನೆಯ ಮೂರ್ನಾಲ್ಕು ಬೆರಳು ಜಾಗದಲ್ಲಿ ಕೈ ಆಡೋದಿಲ್ಲ, ಅಲ್ಲಿ ಸೂಜಿಯಿಂದ ಹೊಕ್ಕು (ಅಡ್ಡದ ಎಳೆ) ತೂರಿಸ್ತಾರೆ. ಆ ಜಾಗದಲ್ಲಿ ಚಿತ್ತಾರ ಇಕ್ಕಟ್ಟಾಗಿರತ್ತೆ, ಇಲ್ಲಾ ನಿಂತೇ ಹೋಗಿರತ್ತೆ. ನನ್ನ ಕಣ್ಣಿಗೆ ಅದೇ ಸಹಿ ಇದ್ದಂತೆ.

ಆಮೇಲೆ ನಡುವೆ ಹೊಲಿಗೆ ಇದೆಯಾ ನೋಡಿ. ಲ್ಯಿಕ್ಲ್ಯಾ ಅಂದ್ರೆ ಎರಡು ಉದ್ದ ತುಂಡು ನೇಯ್ದು ನಡುವೆ ಕೂಡಿಸೋದು, ಸೊಂಟದ ಮಗ್ಗದ ಅಗಲ ಅಷ್ಟೇ. ಒಂದೇ ಅಗಲದ ಇಡೀ ಬಟ್ಟೆ ಅಂದ್ರೆ ಅನುಮಾನ ಪಡಿ. ಒಂದು ಎಳೆ ಕಿತ್ತು ಸುಟ್ಟೂ ನೋಡಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿ ಆಗತ್ತೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಆಗತ್ತೆ.

‘ಬೇಬಿ ಅಲ್ಪಾಕಾ’ ಅನ್ನೋದು ಮರಿಯ ಉಣ್ಣೆ ಅಲ್ಲ, ನಯದ ದರ್ಜೆಯ ಹೆಸರು. ಬೇಬಿ ಅಲ್ಲ ‘ಮೇಬಿ ಅಲ್ಪಾಕಾ’ ಅಂತ ಅಲ್ಲಿಯವರೇ ನಗ್ತಾರೆ.

ಖಾರಾಮಂಡಕ್ಕಿ
ಎಳೆ ಕಿತ್ತು ಸುಡೋದಾ? ಮೂರು ಸಾವಿರದ್ದನ್ನ?? ಶ್ರೀ ಅವರೇ, ಮೊದಲು ಮನೆಯವರ ಪರ್ಮಿಷನ್ ತಗೊಳ್ಳಿ.

ಕುಡ್ಲದ ಪೊಣ್ಣು
ಅಲ್ಪಾಕಾ ಇದ್ರೆ ಮಾತ್ರ ಅಸಲಿ ಅಂತ ಉಂಟಾ?

ಲಿಮಾದಲ್ಲಿದ್ದೆ
ಇಲ್ಲ. ಈಗಿನ ಎಷ್ಟೋ ಒಳ್ಳೆಯ ನೇಯ್ಗೆ ಕುರಿ ಉಣ್ಣೆಯದ್ದೇ. ಕುರಿ ಸ್ಪೇನಿನವರ ಜೊತೆ ಬಂದದ್ದು ನಿಜ, ಅಲ್ಪಾಕಾ, ಲಾಮಾ ಅದಕ್ಕೂ ಸಾವಿರಾರು ವರ್ಷ ಮೊದಲಿನವು. ಐನೂರು ವರ್ಷ ಆದ ಮೇಲೂ ಕುರೀನ ಪರದೇಶಿ ಅಂದ್ರೆ ನಮ್ಮ ಮೆಣಸಿನಕಾಯಿ ಕಥೆ ಏನಾಗಬೇಕು? ನೂಲಿನ ಹುರಿ ನೋಡಿ. ಅವರದ್ದು ಎರಡೆಳೆ ಸೇರಿಸಿ ತುಂಬಾ ಬಿಗಿಯಾಗಿ ಹುರಿ ಮಾಡಿದ್ದು, ಮುಟ್ಟಿದ್ರೆ ಸ್ವಲ್ಪ ಒರಟು. ಮೆತ್ತಗೆ ಬೆಕ್ಕಿನ ಮರಿ ಥರ ಇದ್ರೆ ನನಗೆ ಅನುಮಾನ ಜಾಸ್ತಿ. ‘ಪುಷ್ಕಾ’ ಅನ್ನೋ ಕದಿರು ತಿರುಗಿಸ್ತಾ ಹೆಂಗಸರು ದಾರಿ ನಡೀತಾರೆ, ಹರಟೆ ಹೊಡೀತಾರೆ, ಕುರಿ ಕಾಯ್ತಾರೆ. ಕದಿರು ಮಾತ್ರ ನಿಲ್ಲೋದಿಲ್ಲ.

ಇಳಕಲ್ಲ ಹುಡುಗ
ನಮಸ್ಕಾರ್ರಿ ಎಲ್ಲಾರಿಗೂ. ಒಂದು ಹೊದಿಕಿಗೆ ಒಂದ ಹಾಸು ಅಂದ್ರಲ್ಲ, ಅದು ಓದಿ ಎದ್ದು ಕುಂತೆ. ನಮ್ಮ ಇಳಕಲ್ಲ ಸೀರಿನೂ ಹಂಗ ಐತಿ. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡರ ಎಳಿನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಸ್ತೀವಿ. ಪ್ರತಿ ಸೀರಿಗೂ ಹೊಸದಾಗಿ ಕೊಂಡಿ ಹಾಕಬೇಕು. ನಮ್ಮಪ್ಪ ಕುಣಿಮಗ್ಗದಾಗ ಕಾಲ ಇಳಿಬಿಟ್ಟು ಕುಂತ್ರ ನಮ್ಮವ್ವ ಮಗ್ಗಲದಾಗ ಕೊಂಡಿ ಹಾಕ್ಕೋತ ಕುಂತಿರ್ತಿದ್ಲು, ಕಣ್ಣು ಹೋದ್ವು ಆಕೀದು.

ಅಲ್ಲಿನೂ ಹಾಸು ಕೂಡಸೋ ಪದ್ಧತಿ ಐತೇನ್ರಿ?

ಲಿಮಾದಲ್ಲಿದ್ದೆ
ಇಳಕಲ್ಲ ಹುಡುಗ ಅವರೇ, ಭಲೇ ಕೇಳಿದ್ರಿ! ಇದೆ. ಹೆಸರು ‘ತಿಕ್ಲ್ಯಾ’. ಪಿತುಮಾರ್ಕಾ ಅನ್ನೋ ಊರಿನವರ ಕೈಚಳಕ. ಹಾಸಿನ ಎಳೆ ಒಂದು ಬಣ್ಣದಲ್ಲಿ ಅರ್ಧದವರೆಗೆ ಬಂದು, ಇನ್ನೊಂದು ಬಣ್ಣದ ಎಳೆಗೆ ಕೊಂಡಿ ಹಾಕ್ಕೊಂಡು ವಾಪಸ್ ಹೋಗತ್ತೆ. ಆ ಕೊಂಡಿಗಳು ನಿಲ್ಲೋಕೆ ನಡುವೆ ಅಡ್ಡಕ್ಕೆ ಆಧಾರದ ದಾರ ಕಟ್ಟಿರ್ತಾರೆ. ಸ್ಪೇನಿನವರಿಗೆ ಮೊದಲು ಅಲ್ಲಿ ಆಳಿದ ಇಂಕಾಗಳಿಗಿಂತಲೂ ಬಹಳ ಹಳೆಯ ವಿದ್ಯೆ, ನಾಸ್ಕಾ ಕಾಲದ ಬಟ್ಟೆಗಳಲ್ಲೇ ಸಿಗತ್ತೆ. ನಮ್ಮ ಕಾಲಕ್ಕೆ ಬಹುತೇಕ ಮರೆತೇ ಹೋಗಿತ್ತು, ಊರಿನ ಹಿರಿಯರಿಂದ ಕಿರಿಯರು ಮತ್ತೆ ಕಲಿತು ಎತ್ತಿಕೊಂಡರು.

ಇಳಕಲ್ಲ ಹುಡುಗ
ನಮ್ಮವ್ವಗ ತೋರಸ್ತೀನ್ರಿ. ಫೋಟೋ ಇದ್ರ ಕಳಸ್ರಿ, ಹಿಂದಿನ ಮಗ್ಗಲದ್ದು ಬೇಕು. ಮುಂದಿಂದು ನೋಡಿ ನೇಕಾರರಿಗೆ ಏನ ಉಪಯೋಗಿಲ್ಲ.

ಪ್ರಶ್ನಾರ್ಥಕ
ತಾಂತ್ರಿಕ ವಿಚಾರ ಆಯ್ತು, ಎರಡನೇ ಪ್ರಶ್ನೆಗೆ ಬನ್ನಿ. ಈ ಚಿತ್ತಾರಗಳು ಖಂಡಿತಾ ಒಂದು ಲಿಪಿ. ಇಂಕಾ ಸಾಮ್ರಾಜ್ಯಕ್ಕೆ ಬರವಣಿಗೆ ಇರಲಿಲ್ಲ ಅನ್ನೋದೇ ಪಶ್ಚಿಮದವರ ಸುಳ್ಳು. ಬಟ್ಟೆಯೇ ಅವರ ಪುಸ್ತಕ. ಅಂಗಡಿಯವನು ಹೇಳಿದ ಮೂರು ಲೋಕ ಅದರ ಒಂದು ಅಧ್ಯಾಯ ಅಷ್ಟೇ.

ಕಸೂತಿ ಅಕ್ಕ
ಪ್ರಶ್ನಾರ್ಥಕ, ನಿಮ್ಮ ಹೆಸರಿಗೂ ನಿಮ್ಮ ಮಾತಿಗೂ ಸಂಬಂಧ ಇಲ್ಲ ಬಿಡ್ರಿ, ಒಂದೂ ಪ್ರಶ್ನೆ ಇಲ್ಲ ಅದರಾಗ.

ಧಾರವಾಡದಾಗ ನಮ್ಮಜ್ಜಿ ಕಸೂತಿ ಹಾಕೋವಾಗ ನಾ ಸಣ್ಣಾಕಿ ಇದ್ದಾಗ ಕೇಳ್ತಿದ್ದೆ: ‘ಅಜ್ಜಿ, ಈ ಗೋಪುರದ ಅರ್ಥ ಏನು?’ ‘ಗೋಪುರ ಅಂದ್ರ ಗೋಪುರವ್ವಾ, ಎಳಿ ಎಣಸು, ಮಾತಾಡಸಬ್ಯಾಡ’ ಅಂತಿದ್ಲು. ತೇರು, ತುಳಸಿಕಟ್ಟಿ, ಆನಿ, ನವಿಲು ಎಲ್ಲಾ ಹೆಸರು ಅದಾವ. ಹೆಸರು ಯಾಕ ಅದಾವ? ಲೆಕ್ಕ ನೆನಪಿಡಾಕ. ‘ತೇರು ಹಾಕು’ ಅಂದ್ರ ಎಷ್ಟು ಎಳಿ ಮ್ಯಾಲೆ, ಎಷ್ಟು ಎಳಿ ಆಜೂಬಾಜು ಅನ್ನೋದು ಕೈಗೆ ನೆನಪಾಗ್ತದ. ಹೊರಗಿನವರು ಬಂದು ‘ಇದರ ತತ್ವ ಏನು’ ಅಂತ ಕೇಳಿದ ದಿನದಿಂದ ತತ್ವ ಹುಟ್ಟತಾವ. ಕೇಳಿದವರನ್ನ ಖಾಲಿ ಕೈಲೆ ಕಳಸಬಾರದಲ್ಲ!

ಗಣಿತ ಮೇಷ್ಟ್ರು
ಕಸೂತಿ ಅಕ್ಕನ ಮಾತಿಗೆ ನನ್ನದೊಂದು ಒತ್ತು. ಕ್ವೆಚುವಾದಲ್ಲಿ ಚಿತ್ತಾರಕ್ಕೆ ಇರುವ ಪದವೇ ‘ಪಲ್ಯಾಯ್’. ಅರ್ಥ: ಆಯುವುದು, ಹೆಕ್ಕುವುದು. ನಾವು ಅಕ್ಕಿ ಆಯುತ್ತೇವಲ್ಲ, ಹಾಗೆ ನೇಕಾರ್ತಿ ಎಳೆ ಆಯುತ್ತಾಳೆ. ಚಿತ್ತಾರ ಇಲ್ಲದ ಬರೀ ಪಟ್ಟೆಗೆ ‘ಪಂಪಾ’ ಅನ್ನುತ್ತಾರೆ, ಅಂದರೆ ಬಯಲು. ಒಂದು ಹೊದಿಕೆ ಅಂದರೆ ಬಯಲು, ಆಯ್ದ ಎಳೆ, ಮತ್ತೆ ಬಯಲು. (ನಮ್ಮ ಹಂಪೆಯ ಹಳೆಯ ಹೆಸರೂ ಪಂಪಾ ಅಂತ ಈಗ ಯಾರೋ ಬರುತ್ತಾರೆ. ದಯವಿಟ್ಟು ಬೇಡ.)

ಹಾಸಿನಲ್ಲಿ ಕೆಂಪು, ಬಿಳಿ ಎಳೆಗಳು ಜೋಡಿ ಜೋಡಿ ಇರುತ್ತವೆ. ಲಾಮಾದ ಮೂಳೆಯಿಂದ ಮಾಡಿದ ‘ರುಕಿ’ ಎಂಬ ಚೂಪು ಕಡ್ಡಿಯಿಂದ ಒಂದೊಂದು ಸಾಲಿನಲ್ಲೂ ಯಾವ ಜೋಡಿಯಲ್ಲಿ ಕೆಂಪು ಮೇಲೆ ಬರಬೇಕು, ಯಾವುದರಲ್ಲಿ ಬಿಳಿ ಅಂತ ಹೆಕ್ಕುತ್ತಾರೆ. ಕೆಂಪು ಮೇಲೆ ಬಂದಲ್ಲಿ ಬಿಳಿ ಕೆಳಕ್ಕೆ. ಹಾಗಾಗಿ ಹಿಂಬದಿಯಲ್ಲೂ ಅದೇ ಚಿತ್ತಾರ, ಬಣ್ಣ ಮಾತ್ರ ಅದಲು ಬದಲು. ಹೊಕ್ಕು ಕಣ್ಣಿಗೇ ಬೀಳುವುದಿಲ್ಲ. ನಾವು ‘ಹಾಸುಹೊಕ್ಕು’ ಅನ್ನುತ್ತೇವೆ. ಅವರ ಬಟ್ಟೆಯಲ್ಲಿ ನೋಡಲು ಸಿಗುವುದು ಬರೀ ಹಾಸು. ನಕ್ಷೆ ಎಳೆದ ಕಾಗದ ಎದುರಿಗಿಲ್ಲ. ಚಿತ್ತಾರದ ಒಂದು ಚೂರು ನೆನಪಿದ್ದರೆ ಸಾಕು, ಅದನ್ನೇ ತಿರುಗಿಸಿ, ಮಗುಚಿ, ಕನ್ನಡಿ ಹಿಡಿದಂತೆ ಎದುರು ನಿಲ್ಲಿಸಿ ಮುಂದುವರಿಸುತ್ತಾರೆ. ನಾನು ಹತ್ತನೇ ತರಗತಿಗೆ ಸಮಮಿತಿ ಪಾಠ ಮಾಡಲು ಒದ್ದಾಡುತ್ತೇನೆ, ಅಲ್ಲಿ ಎಂಟು ವರ್ಷದ ಹುಡುಗಿ ಸೊಂಟಕ್ಕೆ ಕಟ್ಟಿಕೊಂಡು ಮಾಡುತ್ತಾಳೆ.

ಪ್ರಶ್ನಾರ್ಥಕ
ಸರ್, ಹಾಗಾದ್ರೆ ತೋಕಾಪು? ಇಂಕಾ ದೊರೆಗಳ ಅಂಗಿಯ ಮೇಲಿನ ಆ ಚೌಕ ಚೌಕ ಚಿಹ್ನೆಗಳು? ವಾಷಿಂಗ್ಟನ್ನಿನ ಡಂಬರ್ಟನ್ ಓಕ್ಸ್ ಸಂಗ್ರಹದಲ್ಲಿ ಮೈತುಂಬಾ ತೋಕಾಪು ಇರೋ ಅಂಗಿಯೇ ಇದೆ. ಅದೂ ಎಳೆ ಎಣಿಸೋಕಾ?

ಗಣಿತ ಮೇಷ್ಟ್ರು
ಅದು ಲಿಪಿ ಎಂದು ವಾದಿಸಿದವರಿದ್ದಾರೆ, ಒಪ್ಪುವಂತೆ ಓದಿ ತೋರಿಸಿದವರಿಲ್ಲ. ಕೀಪು, ಅಂದರೆ ಇಂಕಾಗಳು ಲೆಕ್ಕ ಇಡುತ್ತಿದ್ದ ದಾರದ ಗೊಂಚಲು, ಅದರ ಗಂಟುಗಳ ವಿಚಾರ ಬೇರೆ. ಅಲ್ಲಿ ಹತ್ತರ ಸ್ಥಾನ, ನೂರರ ಸ್ಥಾನ ಇದೆ ಎಂದು ಲೆಲ್ಯಾಂಡ್ ಲಾಕ್ 1912ರಲ್ಲೇ ತೋರಿಸಿದ. ಇನ್ನು ದೊರೆಯ ಅಂಗಿ ಬೇರೆ, ಹೊಲಕ್ಕೆ ಹೋಗುವ ಹೆಂಗಸಿನ ಹೊದಿಕೆ ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಕುಡ್ಲದ ಪೊಣ್ಣು
ನೀವು ಎಲ್ಲವನ್ನೂ ಲೆಕ್ಕ ಲೆಕ್ಕ ಅಂತ ಒಣಗಿಸ್ಬೇಡಿ ಮಾರಾಯ್ರೆ. ಟಿಟಿಕಾಕಾ ಸರೋವರದ ತಾಕಿಲೆ ದ್ವೀಪಕ್ಕೆ ನಾನು ಹೋಗಿದ್ದೆ. ಅಲ್ಲಿ ಗಂಡಸರು ಟೊಪ್ಪಿ ಹೆಣೆಯುವುದು, ನಡೆಯುವಾಗಲೂ ಕೈಯಲ್ಲಿ ಕಡ್ಡಿ! ಮದುವೆ ಆದವನ ಟೊಪ್ಪಿ ಇಡೀ ಕೆಂಪು, ಆಗದವನದ್ದು ಮೇಲೆ ಬಿಳಿ. ನೇಯ್ದ ಅಗಲದ ಸೊಂಟಪಟ್ಟಿಯಲ್ಲಿ ವರ್ಷದ ಬೇಸಾಯ, ಹಬ್ಬ ಎಲ್ಲ ಚಿತ್ರ ಉಂಟು, ಕ್ಯಾಲೆಂಡರ್ ಪಟ್ಟಿ ಅಂತಲೇ ಅದಕ್ಕೆ ಹೆಸರು. ಯುನೆಸ್ಕೋ 2005ರಲ್ಲಿ ಆ ಕಲೆಯನ್ನು ಮನುಕುಲದ ಪರಂಪರೆ ಅಂತ ಘೋಷಣೆ ಮಾಡಿ, 2008ರಲ್ಲಿ ಅದರ ಪಟ್ಟಿಗೆ ಸೇರಿಸಿತು. ಅದಕ್ಕೆ ಅರ್ಥ ಇಲ್ಲ ಅಂದ್ರೆ ಎಂತ ಹೇಳುವುದು?

ಕಸೂತಿ ಅಕ್ಕ
ಇದು ಒಪ್ಪಿದೆ ತಂಗಿ. ಟೊಪ್ಪಿಗಿ ಮಾತಾಡ್ತದ, ಅದು ಊರ ಮಂದಿಗೆ ಗೊತ್ತಿರೋ ಮಾತು. ನನ್ನ ಸಿಟ್ಟು ಅಂಗಡಿಯವನ ‘ಮೂರು ಲೋಕ’ದ ಮ್ಯಾಲೆ, ಯಾವ ಬಟ್ಟಿ ಎತ್ತಿದರೂ ಅದ ಕಥಿ.

ಲಿಮಾದಲ್ಲಿದ್ದೆ
ಇಬ್ಬರದೂ ಸರಿ. ಊರೂರಿಗೆ ಬೇರೆ. ಕುಸ್ಕೊ ಹತ್ತಿರದ ಚಿಂಚೆರೊ ಊರಿನ ಹೊದಿಕೆಯಲ್ಲಿ ‘ಲೊರಾಯ್ಪು’ ಅಂತ ಒಂದು ಚಿತ್ತಾರ, ವಜ್ರದ ಆಕಾರದೊಳಗೆ ಸುರುಳಿ ತಿರುಗಿದ ಗೆರೆ. ಅದನ್ನ ನೋಡಿದ್ರೆ ಸಂತೆಯಲ್ಲಿ ಯಾರಾದರೂ ‘ಇವಳು ಚಿಂಚೆರೊದವಳು’ ಅಂತಾರೆ. ಅದರ ಅರ್ಥ ಅಷ್ಟೇ: ನಾನು ಈ ಊರವಳು. ‘ಮಾಯು ಕೆಂಕೊ’ ಅಂದ್ರೆ ಅಂಕುಡೊಂಕಿನ ಹೊಳೆ, ಅಂಕುಡೊಂಕು ಗೆರೆಯೇ ಇರತ್ತೆ.

ಚರಿತ್ರೆ ಹೇಳೋ ಚಿತ್ತಾರನೂ ಇದೆ. ಸ್ಪೇನಿನವರ ವಿರುದ್ಧ ದಂಗೆ ಎದ್ದ ಎರಡನೇ ತುಪಾಕ್ ಅಮಾರುವನ್ನ 1781ರ ಮೇ 18ರಂದು ಕುಸ್ಕೊದ ದೊಡ್ಡ ಚೌಕದಲ್ಲಿ ಕೈಕಾಲಿಗೆ ನಾಲ್ಕು ಕುದುರೆ ಕಟ್ಟಿ ಎಳೆಸಿದರು. ದೇಹ ಹರಿಯಲಿಲ್ಲ, ಆಮೇಲೆ ತಲೆ ಕಡಿದರು. ಕುಸ್ಕೊ ಸೀಮೆಯ ಕೆಲವು ಊರುಗಳ ನೇಯ್ಗೆಯಲ್ಲಿ ಆ ಮನುಷ್ಯ, ಆ ಕುದುರೆಗಳು ಇವತ್ತಿಗೂ ಬರತ್ವೆ. ಅವನಿಗೆ ಶಿಕ್ಷೆ ಬರೆದ ಅರೆಚೆ ಎಂಬ ಅಧಿಕಾರಿ, ಅದೇ ಆಜ್ಞೆಯಲ್ಲಿ ಇಂಕಾ ಉಡುಪನ್ನೂ ನಿಷೇಧಿಸಿದ. ನಿಷೇಧಿಸಿದವನ ಹೆಸರು ಪುಸ್ತಕದಲ್ಲಿ ಉಳೀತು, ಸತ್ತವನು ಬಟ್ಟೆ ಮೇಲೆ.

ಖಾರಾಮಂಡಕ್ಕಿ
ಇದು ಗೊತ್ತಿರಲಿಲ್ಲ. ಮೈ ಜುಮ್ ಅಂತು. ನನ್ನ ಮೊದಲ ಕಾಮೆಂಟ್ ವಾಪಸ್.

ಶೃಂಗೇರಿ ಮಾಣಿ
ಒಂದು ಬೇರೆ ಸಂಶಯ. ಆ ಕೆಂಪು ಬಣ್ಣ ಹುಳದಿಂದ ತೆಗೀತಾರಂತೆ ಹೌದೋ? ಹಾಗಾದ್ರೆ ಆ ಬಟ್ಟೆ ದೇವರ ಮನೆಗೆ ಬರುತ್ತೋ ಇಲ್ಲವೋ? ಅಮ್ಮ ಕೇಳ್ತಿದಾರೆ.

ಲಿಮಾದಲ್ಲಿದ್ದೆ
ಹೌದು, ಕೊಚಿನಿಲ್ಲಾ. ಪಾಪಾಸುಕಳ್ಳಿಯ ಮೇಲೆ ಬಿಳಿ ಬೂಷ್ಟಿನ ಹಾಗೆ ಕೂರೋ ಪುಟ್ಟ ಕೀಟ. ಒಣಗಿಸಿ ಅರೀತಾರೆ. ಚಿಂಚೆರೊದಲ್ಲಿ ಒಬ್ಬಾಕೆ ಅಂಗೈ ಮೇಲೆ ಒಂದನ್ನ ಉಜ್ಜಿದಳು, ರಕ್ತದಂಥ ಕೆಂಪು. ನಿಂಬೆರಸ ಹಿಂಡಿದಳು, ಕಿತ್ತಳೆಗೆ ತಿರುಗಿತು. ಬೂದಿ ಉದುರಿಸಿದಳು, ನೇರಳೆ. ಆಮೇಲೆ ಅದನ್ನೇ ತುಟಿಗೆ ಹಚ್ಚಿಕೊಂಡು ನಕ್ಕಳು. ಹಸಿರಿಗೆ ‘ಚಿಲ್ಕಾ’ ಗಿಡ, ಹಳದಿಗೆ ‘ಕೊಲ್ಯೆ’ ಹೂವು.

ಶೃಂಗೇರಿ ಮಾಣಿ
ಅಮ್ಮ ಬೇಡ ಅಂದ್ರು.

ಕಸೂತಿ ಅಕ್ಕ
ಅಮ್ಮಗ ಕೇಳ್ರಿ, ಮಡಿಗೆ ಉಡೋ ರೇಷ್ಮಿ ಎಲ್ಲಿಂದ ಬಂತು ಅಂತ.

ಶೃಂಗೇರಿ ಮಾಣಿ
ಕೇಳಿದೆ. ಊಟ ಸಿಗಲಿಲ್ಲ.

ಗಣಿತ ಮೇಷ್ಟ್ರು
ಈ ಹುಳಕ್ಕೂ ನಮಗೂ ಒಂದು ನಂಟು ಇದೆ. ಬಣ್ಣದ ದುಡ್ಡಿನ ಆಸೆಗೆ ಇಂಗ್ಲಿಷರು 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ಕೊಚಿನಿಲ್ಲಾ ಅಂತ ತಂದರು. ತಂದದ್ದು ಅದರ ದಾಯಾದಿ ಜಾತಿ, ಒಳ್ಳೆಯ ಬಣ್ಣ ಬರಲಿಲ್ಲ. ಅದು ಇಲ್ಲಿಯ ಪಾಪಾಸುಕಳ್ಳಿಯ ಒಂದು ಜಾತಿಯನ್ನು ತಿಂದು ಹಾಕಿತು. ಅದನ್ನು ನೋಡಿ ಮುಂದೆ ಕಳ್ಳಿ ಕೊಲ್ಲಲೆಂದೇ ದಕ್ಷಿಣಕ್ಕೂ ತಂದು ಬಿಟ್ಟರು. ಬಣ್ಣಕ್ಕೆ ತಂದದ್ದು ಕಳೆ ತೆಗೆಯುವ ಕೂಲಿಯಾಯಿತು.

ಇಳಕಲ್ಲ ಹುಡುಗ
ಚಿತ್ತಾರದ ಅರ್ಥದ ಬಗ್ಗೆ ನಾನೂ ಒಂದ ಮಾತು. ನಮ್ಮ ಸೆರಗಿನ್ಯಾಗ ಹಣಿಗಿ, ರಾಂಪ, ತೋಪತೆನಿ ಅಂತ ಅದಾವ್ರಿ. ತೆನಿ ಅಂದ್ರ ಜ್ವಾಳದ ತೆನಿ. ಅರ್ಥ ಏನಂದ್ರ ಹೊಲದಾಗ ಜ್ವಾಳ ಇತ್ತು, ಅಷ್ಟ. ಅದಕ್ಕ ಕಡಿಮಿ ಏನ ಐತಿ? ದಿನಾ ಕಂಡದ್ದು ಬಟ್ಟಿ ಮ್ಯಾಲ ಬಂತು.

ಆದ್ರ ಒಂದು ಕೇಳ್ತೀನಿ. ಅಲ್ಲಿ ಪವರ್‌ಲೂಮ್ ಬಂದು ಹೊಟ್ಟಿ ಮ್ಯಾಲ ಹೊಡದಿಲ್ಲೇನ್ರಿ?

ಲಿಮಾದಲ್ಲಿದ್ದೆ
ಹೊಡೆದಿದೆ. ಕುಸ್ಕೊ ಅಂಗಡಿಗಳಲ್ಲಿ ಬಣ್ಣ ಬಣ್ಣವಾಗಿ ನೇತಾಡೋದರಲ್ಲಿ ಬಹುಪಾಲು ಯಂತ್ರದ್ದೇ, ಅಕ್ರಿಲಿಕ್. ಹಳ್ಳಿಯ ಹೆಂಗಸರೇ ದಿನದ ಹೊರೆಗೆ ಅದನ್ನ ಕೊಳ್ತಾರೆ, ಹಗುರ, ಅಗ್ಗ. ತಪ್ಪೇನಿಲ್ಲ, ನಾವೇನು ದಿನಾ ಇಳಕಲ್ ಉಡಿಸ್ತೀವಾ ಮನೇಲಿ? ಕೈಯಲ್ಲಿ ನೂತು, ಬಣ್ಣ ಹಾಕಿ, ನೇಯ್ದ ಒಂದು ಹೊದಿಕೆಗೆ ತಿಂಗಳುಗಟ್ಟಲೆ ಹಿಡಿಯತ್ತೆ, ಮಧ್ಯೆ ಹೊಲ, ಮನೆ, ಮಕ್ಕಳು. ಅದಕ್ಕೆ 120 ಸೋಲ್ ಅಂದ್ರೆ ಯಾರಿಗೂ ಗಿಟ್ಟೋದಿಲ್ಲ.

ಚಿಂಚೆರೊದಲ್ಲೇ ಹುಟ್ಟಿ ನೇಯ್ಗೆ ಕಲಿತ ನಿಲ್ದಾ ಕಲ್ಯಾನ್ಯಾವುಪಾ ಮತ್ತೆ ಕೆಲವರು ಸೇರಿ 1996ರಲ್ಲಿ ಕುಸ್ಕೊದಲ್ಲಿ ಸಾಂಪ್ರದಾಯಿಕ ನೇಯ್ಗೆಯ ಕೇಂದ್ರ ಶುರು ಮಾಡಿದ್ರು. ಸುತ್ತಲಿನ ಹತ್ತು ಊರುಗಳ ನೇಕಾರರು ಅದರಲ್ಲಿದ್ದಾರೆ. ಬೊಲಿವಿಯಾದ ಸುಕ್ರೆಯಲ್ಲಿ ‘ಅಸುರ್’ ಅಂತ ಒಂದು ಸಂಸ್ಥೆ ಇದೆ...

ಖಾರಾಮಂಡಕ್ಕಿ
ಅಸುರ್!! ನೇಯ್ಗೆ ಮಾಡೋರು ದೇವತೆಗಳು, ಸಂಸ್ಥೆ ಅಸುರ.

ಲಿಮಾದಲ್ಲಿದ್ದೆ
ಪೂರ್ತಿ ಕೇಳಿ ಸ್ವಾಮಿ. ಸುಕ್ರೆಯ ಹತ್ತಿರದ ಹಾಲ್ಕಾ ಜನ, ಅವರೂ ಕ್ವೆಚುವಾ ಮಾತಾಡೋರೇ. ಹಳೇ ಒಳ್ಳೊಳ್ಳೇ ಬಟ್ಟೆ ವ್ಯಾಪಾರಿಗಳ ಪಾಲಾಗಿ, ಊರಲ್ಲಿ ನೋಡಿ ಕಲಿಯೋಕೂ ತುಂಡು ಉಳಿದಿರಲಿಲ್ಲ. ವೆರೊನಿಕಾ ಸೆರೆಸೆಡಾ, ಗೇಬ್ರಿಯಲ್ ಮಾರ್ಟಿನೆಸ್ ಎಂಬ ಮಾನವಶಾಸ್ತ್ರಜ್ಞ ದಂಪತಿ ಹಳೇ ಬಟ್ಟೆಗಳ ಫೋಟೋ ಹಿಡ್ಕೊಂಡು ಊರಿಗೆ ಹೋದ್ರು. ಅದನ್ನ ನೋಡಿ ನೋಡಿ ಮತ್ತೆ ನೇಯ್ಗೆ ಚಿಗುರಿತು. ಅವರ ಬಟ್ಟೆ ನೋಡಬೇಕು ನೀವು! ಕೆಂಪು, ಕಪ್ಪು ಎರಡೇ. ಸಾಲಿಲ್ಲ, ಸಮಮಿತಿ ಇಲ್ಲ. ‘ಖುರು’ ಅಂತ ವಿಚಿತ್ರ ಪ್ರಾಣಿಗಳು ತಲೆಕೆಳಗಾಗಿ, ಒಂದರ ಹೊಟ್ಟೆಯಲ್ಲಿ ಇನ್ನೊಂದು, ಯಾವುದು ಮೇಲೆ ಯಾವುದು ಕೆಳಗೆ ಗೊತ್ತಾಗಲ್ಲ. ಅದು ಪಾತಾಳದ, ಕತ್ತಲಿನ ಲೋಕ ಅಂತಾರೆ. ನೋಡಿ ಪ್ರಶ್ನಾರ್ಥಕ ಅವರೇ, ನಿಮ್ಮ ಪಾತಾಳ ಅಲ್ಲಿ ಸಿಕ್ತು.

ಪ್ರಶ್ನಾರ್ಥಕ
ಅದನ್ನೇ ನಾನು ಮೊದಲಿಂದ ಹೇಳಿದ್ದು.

ಗಣಿತ ಮೇಷ್ಟ್ರು
ಇಲ್ಲ, ನೀವು ಲಿಪಿ ಅಂದಿರಿ.

ಪಯಣಿಗ ಶ್ರೀ
ಕ್ಷಮಿಸಿ, ಎರಡು ದಿನ ಈ ಕಡೆ ಬರೋಕಾಗಲಿಲ್ಲ. ವರದಿ ಒಪ್ಪಿಸ್ತೀನಿ. ನಡುವೆ ಹೊಲಿಗೆ ಇಲ್ಲ. ಎರಡು ಬದಿ ಕತ್ತರಿಸಿ ಮಡಿಚಿ ಮಿಷನ್ ಹೊಲಿಗೆ. ಎಳೆ ಸುಟ್ಟೆ, ಮಣಿ ಆಯ್ತು. ಭಾವನಿಗೆ ಇನ್ನೂ ಹೇಳಿಲ್ಲ.

ಆದ್ರೆ ನಮ್ಮನೆಯವಳು ಚಿಂಚೆರೊದಲ್ಲಿ ಒಬ್ಬ ಹುಡುಗಿ ಹತ್ರ ಹತ್ತು ಸೋಲ್ ಕೊಟ್ಟು ಒಂದು ಪಟ್ಟಿ ತಗೊಂಡಿದ್ಲು. ಎರಡು ಬೆರಳು ಅಗಲ, ಮೊಳದುದ್ದ. ಏನಕ್ಕೂ ಬರಲ್ಲ ಅಂತ ಏರ್‌ಪೋರ್ಟಲ್ಲಿ ಗುರುತಿಗೆ ಸೂಟ್‌ಕೇಸ್ ಹಿಡಿಗೆ ಕಟ್ಟಿದ್ವಿ. ನಿಮ್ಮ ಮಾತು ಓದಿ ತಿರುಗಿಸಿ ನೋಡಿದೆ. ಮುಂದೆ ಬಿಳಿ ಮೇಲೆ ಕೆಂಪು, ಹಿಂದೆ ಕೆಂಪು ಮೇಲೆ ಬಿಳಿ!

ಲಿಮಾದಲ್ಲಿದ್ದೆ
ಅದು ಹಾಕಿಮಾ! ಹುಡುಗಿಯರು ಮೊದಲು ಕಲಿಯೋದೇ ಆ ಪಟ್ಟಿ. ಆರೇಳು ವರ್ಷಕ್ಕೆ ಶುರು. ಅದರಲ್ಲಿ ಕಲಿತ ಚಿತ್ತಾರಗಳೇ ಆಮೇಲೆ ದೊಡ್ಡ ಹೊದಿಕೆಗೆ ಏರೋದು.

ಇಳಕಲ್ಲ ಹುಡುಗ
ಎಲ್ಲಾರ ತಪ್ಪ ಐತೇನ್ ನೋಡ್ರಿ ಅದರಾಗ. ಲೆಕ್ಕ ತಪ್ಪಿದ್ದು.

ಪಯಣಿಗ ಶ್ರೀ
ಇದೆ. ನಡುವೆ ಒಂದು ಕಡೆ ಮೂರು ಸಾಲು ಕಲಸಿಹೋಗಿದೆ, ಕೊಕ್ಕೆಯ ಆಕಾರ ತಿರುಗಬೇಕಾದಲ್ಲಿ ತಿರುಗಿಲ್ಲ. ನಾಲ್ಕನೇ ಸಾಲಿಂದ ಮತ್ತೆ ಸರಿ.

ಇಳಕಲ್ಲ ಹುಡುಗ
ಅಲ್ಲೆ ಆಕಿನ್ನ ಯಾರೋ ಕರದಾರ. ಎದ್ದು ಹೋಗಿ ಬಂದಾಳ. ನಮ್ಮಪ್ಪ ಆಗಿದ್ರ ಮೂರೂ ಸಾಲು ಬಿಚ್ಚಸ್ತಿದ್ದ.

ಪಯಣಿಗ ಶ್ರೀ
ನಮ್ಮನೆಯವಳು ಸೂಟ್‌ಕೇಸಿಂದ ಬಿಚ್ಚಿ ಶೋಕೇಸಲ್ಲಿ ಇಟ್ಟಾಯ್ತು. ಹೊದಿಕೆ ಭಾವನ ಮನೆಗೆ ಕಳಿಸ್ತಿದೀನಿ, ಅವರ ಕಾರಿನ ಹಿಂದಿನ ಸೀಟಿಗೆ ಅಳತೆ ಸರಿಹೋಗತ್ತೆ.

ಶೃಂಗೇರಿ ಮಾಣಿ
ಆ ಪಟ್ಟಿಯ ಕೆಂಪು ಹುಳದ್ದೋ, ಪ್ಯಾಕೆಟ್ ಬಣ್ಣವೋ? ನಿಂಬೆರಸ ಹಾಕಿ ನೋಡಿ.

ಪಯಣಿಗ ಶ್ರೀ
ಹಾಕಲ್ಲ.